ಕಾಳಗದ ರೋಬೋಟ್‌ನ ಗ್ಯಾಸ್ ಬಾಟಲಿ: ಒತ್ತಡ ಕೈಮೀರದಂತೆ ಕಟ್ಟುವುದು ಹೇಗೆ?

ಕಾಳಗದ ಪಂದ್ಯಕ್ಕೆ ಮೊದಲ ಸಲ ಫ್ಲಿಪ್ಪರ್ ರೋಬೋಟ್, ಅಂದರೆ ಗ್ಯಾಸಿನ ಬಲದಿಂದ ಎದುರಾಳಿ ರೋಬೋಟನ್ನು ಮಗುಚುವ ರೋಬೋಟ್, ಕಟ್ಟುವವರ ನಕ್ಷೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಬಾಟಲಿ, ಒತ್ತಡ ತಗ್ಗಿಸಿ ಕೊಡುವ ರೆಗ್ಯುಲೇಟರ್, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಎದುರಾಳಿಯನ್ನು ಎತ್ತಿ ಬಿಸಾಡುವ ರ‍್ಯಾಮ್. ಎಲ್ಲ ಬರೆದು ಮುಗಿದ ಮೇಲೆ ಮೂಲೆಯಲ್ಲೊಂದು ಪುಟ್ಟ ರಿಲೀಫ್ ವಾಲ್ವ್, ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದು ಗ್ಯಾಸ್ ಹೊರಬಿಡುವಂಥದ್ದು. ಪರಿಶೀಲಕರು ಕೇಳುತ್ತಾರಲ್ಲ, ಅದಕ್ಕೆ. ನಾನೂ ಹಾಗೇ ಶುರು ಮಾಡಿದವನು. ಈಗ ಕ್ರಮ ತಿರುಗಿದೆ. ಗ್ಯಾಸ್ ಹೊರಗೆ ಹೋಗುವ ದಾರಿಗಳನ್ನು ಮೊದಲು ಬರೆಯುತ್ತೇನೆ, ಅದು ರ‍್ಯಾಮ್‌ಗೆ ಹೋಗುವ ದಾರಿ ಆಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಬಾಟಲಿ ಎಂದರೆ ಗ್ಯಾಸ್ ತುಂಬಿಡುವ ಪಾತ್ರೆ, ರ‍್ಯಾಮ್ ಎಂದರೆ ಪಿಸ್ಟನ್ ಇರುವ ಸಿಲಿಂಡರ್. ಎರಡಕ್ಕೂ ‘ಸಿಲಿಂಡರ್’ ಎನ್ನುವ ಅಭ್ಯಾಸವಿದೆ. ಪಂದ್ಯದ ಗಡಿಬಿಡಿಯಲ್ಲಿ ಒಬ್ಬರು ‘ಸಿಲಿಂಡರ್ ಬಿಚ್ಚು’ ಎಂದು ಕೂಗಿದಾಗ ಇನ್ನೊಬ್ಬರು ಯಾವುದಕ್ಕೆ ಸ್ಪ್ಯಾನರ್ ಹಾಕುತ್ತಾರೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದಾಗುತ್ತದೆ. ನಿಮ್ಮ ತಂಡದಲ್ಲೂ ಎರಡಕ್ಕೆ ಎರಡು ಹೆಸರಿಡಿ.

ಇಷ್ಟೊಂದು ಎಚ್ಚರ ಯಾಕೆ ಅನ್ನುವವರಿಗೆ ಒಂದು ಲೆಕ್ಕ. 1 ಲೀಟರ್ ಬಾಟಲಿಯಲ್ಲಿ 200 ಬಾರ್ (1 ಬಾರ್ ಎಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲ ಗಾಳಿಯ ಒತ್ತಡ) ನೈಟ್ರೋಜನ್ ಇದ್ದರೆ, ಅದು ಏಕಾಏಕಿ ಬಿಚ್ಚಿಕೊಂಡಾಗ ಹೊರಬರುವ ಶಕ್ತಿ ಸುಮಾರು 39 ಕಿಲೋಜೂಲ್. ಒಂದು ಟನ್ ತೂಕವನ್ನು 4 ಮೀಟರ್ ಎತ್ತರದಿಂದ ಬಿಟ್ಟಷ್ಟು. ಅದು ನಿಮ್ಮ ಮೊಣಕಾಲಿನ ಪಕ್ಕದಲ್ಲಿ, ಅಲ್ಯುಮಿನಿಯಂ ಗೋಡೆಯೊಳಗೆ ಕೂತಿದೆ.

ಹಂತ 1: ನಕ್ಷೆಯನ್ನು ಕೋಣೆಗಳಾಗಿ ಕತ್ತರಿಸಿ

ನಿಮ್ಮ ಇಡೀ ಗ್ಯಾಸ್ ವ್ಯವಸ್ಥೆಯನ್ನು ಹಾಳೆಯ ಮೇಲೆ ಬರೆಯಿರಿ. ಆಮೇಲೆ ಮುಚ್ಚಿಕೊಳ್ಳಬಲ್ಲ ಪ್ರತಿಯೊಂದು ವಸ್ತುವಿನ ಮೇಲೆ ಕೆಂಪು ಗೆರೆ ಎಳೆಯಿರಿ: ಬಾಟಲಿಯ ವಾಲ್ವ್, ಮುಖ್ಯ ಬಂದ್ ವಾಲ್ವ್, ರೆಗ್ಯುಲೇಟರ್, ಗ್ಯಾಸನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್, ಸೊಲೆನಾಯ್ಡ್. ಎರಡು ಕೆಂಪು ಗೆರೆಗಳ ನಡುವಿನ ಜಾಗವೇ ಒಂದು ಕೋಣೆ.

ಈಗ ಪ್ರತಿ ಕೋಣೆಗೂ ಮೂರು ಪ್ರಶ್ನೆ. ಎಲ್ಲ ವಾಲ್ವ್ ಮುಚ್ಚಿದರೆ ಇಲ್ಲಿ ಗ್ಯಾಸ್ ಸಿಕ್ಕಿಕೊಳ್ಳುತ್ತದೆಯೇ? ಸಿಕ್ಕಿಕೊಂಡ ಗ್ಯಾಸಿನ ಒತ್ತಡ ಏರಬಲ್ಲದೇ? ಏರಿದರೆ ಹೊರಹೋಗಲು ಯಾರೂ ಮುಚ್ಚಲಾಗದ ಬಾಗಿಲು ಇದೆಯೇ?

ಮೂರನೆಯ ಪ್ರಶ್ನೆಯಲ್ಲಿ ‘ಯಾರೂ ಮುಚ್ಚಲಾಗದ’ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಿ. ರಿಲೀಫ್ ವಾಲ್ವ್‌ಗೂ ಅದು ಕಾಯುವ ಜಾಗಕ್ಕೂ ನಡುವೆ ಇನ್ನೊಂದು ವಾಲ್ವ್ ಇರಲೇಬಾರದು. ಸೋರುವ ರಿಲೀಫ್ ವಾಲ್ವನ್ನು ಪಂದ್ಯದ ನಡುವೆ ಬದಲಿಸಲು ಅನುಕೂಲವಾಗಲಿ ಎಂದು ಅದರ ಹಿಂದೆ ಪುಟ್ಟ ಬಾಲ್ ವಾಲ್ವ್ ಹಾಕಿದ್ದ ರೋಬೋಟನ್ನು ನೋಡಿದ್ದೇನೆ. ಜಾಣತನದ ಕೆಲಸವೆಂದು ಅವರಿಗೆ ಅನ್ನಿಸಿತ್ತು. ಪರಿಶೀಲನೆಗೆ ಬಂದಾಗ ಆ ಬಾಲ್ ವಾಲ್ವ್ ಮುಚ್ಚಿಯೇ ಇತ್ತು.

ನಾನ್ ರಿಟರ್ನ್ ವಾಲ್ವ್ ಬಗ್ಗೆ ವಿಶೇಷ ಗಮನವಿರಲಿ. ಹೊಡೆತಕ್ಕೆಂದು ಗ್ಯಾಸ್ ಕೂಡಿಟ್ಟುಕೊಳ್ಳುವ ಬಫರ್ ಟ್ಯಾಂಕಿಗೆ ಗ್ಯಾಸ್ ಒಳಬರುವ ಕಡೆ ಅದನ್ನು ಹಾಕಿದರೆ, ನೀವು ಮುಖ್ಯ ಸಾಲನ್ನು ಖಾಲಿ ಮಾಡಿದರೂ ಬಫರ್ ತುಂಬಿಯೇ ಇರುತ್ತದೆ. ಗೇಜ್ ಮುಖ್ಯ ಸಾಲಿನಲ್ಲಿದ್ದರೆ ಸೊನ್ನೆ ತೋರಿಸುತ್ತದೆ. ರ‍್ಯಾಮ್ ಮಾತ್ರ ಹೊಡೆಯಲು ಸಿದ್ಧವಾಗಿರುತ್ತದೆ.

ಹಂತ 2: ಬಾಟಲಿಯ ಭುಜದ ಮೇಲಿನ ಬರಹ ಓದಿ

ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡದ ಅಲ್ಯುಮಿನಿಯಂ ಬಾಟಲಿಗಳ ಮೇಲೆ 3ಎಎಲ್ ಎಂಬ ಗುರುತು, ಅದರ ಪಕ್ಕದಲ್ಲಿ ಕೆಲಸದ ಒತ್ತಡ ಕೊರೆದಿರುತ್ತದೆ. ಬಣ್ಣದ ಗುಂಡು ಹಾರಿಸುವ ಪೇಂಟ್‌ಬಾಲ್ ಆಟದಿಂದ ಬಂದ ಕಾರ್ಬನ್ ಡೈಆಕ್ಸೈಡ್ ಬಾಟಲಿಗಳಲ್ಲಿ ಇದು ಸಾಮಾನ್ಯವಾಗಿ 1800 ಪಿಎಸ್‌ಐ, ಅಂದರೆ 124 ಬಾರ್. ಪರೀಕ್ಷಾ ಒತ್ತಡ ಇದರ ಐದು ಮೂರಾಂಶ: 3000 ಪಿಎಸ್‌ಐ, 207 ಬಾರ್. ಅದೇ ಲೆಕ್ಕದಲ್ಲಿ 3000ದ ಗಾಳಿ ಬಾಟಲಿಗೆ ಪರೀಕ್ಷೆ 5000ದಲ್ಲಿ, 4500ರದ್ದಕ್ಕೆ 7500ರಲ್ಲಿ. ಈ ಎರಡನೆಯ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಒತ್ತಡ ಮೀರಿದರೆ ಹರಿದು ಬಾಟಲಿ ಖಾಲಿ ಮಾಡುವ ಬಿಲ್ಲೆ, ಬರ್ಸ್ಟ್ ಡಿಸ್ಕ್, ಆರಿಸುವಾಗ ಬೇಕಾಗುವುದು ಅದೇ.

ಪರೀಕ್ಷೆಯ ತಾರೀಖೂ ಅಲ್ಲೇ ಕೊರೆದಿರುತ್ತದೆ. 3ಎಎಲ್ ಬಾಟಲಿಗೆ 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು. ಇದನ್ನು ಮಾನ್ಯತೆ ಇರುವ ಪರೀಕ್ಷಾ ಕೇಂದ್ರವೇ ಮಾಡಬೇಕು, ಮನೆಯ ಪಂಪ್ ಅಲ್ಲ.

ಬಾಟಲಿಗೆ ಮಾಡಬಾರದ್ದು: ಕೊರೆಯುವುದು, ವೆಲ್ಡ್ ಮಾಡುವುದು, ಉಜ್ಜಿ ತೆಳುವಾಗಿಸುವುದು, ಪೌಡರ್ ಕೋಟಿಂಗ್‌ಗೆ ಕೊಟ್ಟು ಒಲೆಯಲ್ಲಿ ಬೇಯಿಸುವುದು. ಸುಮಾರು 175 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಕಂಡ 3ಎಎಲ್ ಬಾಟಲಿಯನ್ನು ಬಳಕೆಯಿಂದ ತೆಗೆಯಬೇಕೆಂಬುದು ಅಮೆರಿಕದ ನಿಯಮ. ಹದ ಮಾಡಿದ ಅಲ್ಯುಮಿನಿಯಂ ಆ ಬಿಸಿಯಲ್ಲಿ ತನ್ನ ಗಟ್ಟಿತನ ಬಿಟ್ಟುಕೊಡುತ್ತದೆ, ಹೊರಗೆ ಮಾತ್ರ ಹೊಸದರ ಹಾಗೇ ಹೊಳೆಯುತ್ತದೆ. ಬ್ಯಾಟರಿಗೆ ಬೆಂಕಿ ಹತ್ತಿದ ರೋಬೋಟ್‌ನಲ್ಲಿದ್ದ ಬಾಟಲಿಯನ್ನೂ ಇದೇ ಸಾಲಿಗೆ ಸೇರಿಸಿ, ಚರ್ಚೆ ಬೇಡ.

ನಾರು ಸುತ್ತಿದ ಹಗುರ ಬಾಟಲಿಗಳು ಗಾಳಿಗೆ, ನೈಟ್ರೋಜನ್‌ಗೆ ಸರಿ. ಕಾರ್ಬನ್ ಡೈಆಕ್ಸೈಡ್‌ನಂಥ ದ್ರವವಾಗುವ ಗ್ಯಾಸನ್ನು ಅವುಗಳಲ್ಲಿ ತುಂಬಬಾರದೆಂದು ಕಾಳಗದ ನಿಯಮಗಳೇ ಹೇಳುತ್ತವೆ. ಪ್ರತಿ ಪಂದ್ಯದಲ್ಲೂ ಹಿಮಗಟ್ಟಿ ಮತ್ತೆ ಬೆಚ್ಚಗಾಗುವ ಆಟವನ್ನು ಆ ಸುತ್ತುಗೆ ತಡೆಯುವುದಿಲ್ಲ.

ಹಂತ 3: ನಿಮ್ಮ ಗ್ಯಾಸ್ ಬಿಸಿಗೆ ಹೇಗೆ ನಡೆದುಕೊಳ್ಳುತ್ತದೆ ತಿಳಿದುಕೊಳ್ಳಿ

ನೈಟ್ರೋಜನ್ ಸಭ್ಯ ಗ್ಯಾಸ್. 20 ಡಿಗ್ರಿಯಲ್ಲಿ 200 ಬಾರ್ ತುಂಬಿದ ಬಾಟಲಿ 60 ಡಿಗ್ರಿಗೆ ಬಂದರೆ 235 ಬಾರ್‌ನ ಆಸುಪಾಸು. ಅಷ್ಟೇ.

ಕಾರ್ಬನ್ ಡೈಆಕ್ಸೈಡ್ ಹಾಗಲ್ಲ. ಬಾಟಲಿಯೊಳಗೆ ಅದು ದ್ರವ, ಮೇಲೆ ಸ್ವಲ್ಪ ಆವಿ. ದ್ರವ ಇರುವಷ್ಟು ಹೊತ್ತು ಒತ್ತಡವನ್ನು ನಿರ್ಧರಿಸುವುದು ತಾಪಮಾನ ಮಾತ್ರ: 0 ಡಿಗ್ರಿಯಲ್ಲಿ ಸುಮಾರು 35 ಬಾರ್, 20ರಲ್ಲಿ 57, 30ರಲ್ಲಿ 72. ಅರ್ಧ ಬಾಟಲಿ ಖಾಲಿಯಾದರೂ ಗೇಜ್ ಅದೇ ಅಂಕಿ ತೋರಿಸುತ್ತದೆ. ಹಾಗಾಗಿ ಈ ಗ್ಯಾಸನ್ನು ಅಳೆಯಬೇಕಾದ್ದು ತಕ್ಕಡಿಯಲ್ಲಿ, ಗೇಜಿನಲ್ಲಿ ಅಲ್ಲ.

ತೂಕದ ಮಿತಿ ಏನು? ಬಾಟಲಿಯಲ್ಲಿ ಹಿಡಿಯುವ ನೀರಿನ ತೂಕದ ಶೇ. 68. ಅಂದರೆ 1 ಲೀಟರ್ ಬಾಟಲಿಗೆ 680 ಗ್ರಾಂ. ಇಷ್ಟು ಸರಿಯಾಗಿ ತುಂಬಿದ ಬಾಟಲಿ ಕೂಡ 27 ಡಿಗ್ರಿಯ ಆಸುಪಾಸಿನಲ್ಲಿ ಒಳಗೆಲ್ಲ ದ್ರವದಿಂದ ತುಂಬಿಬಿಡುತ್ತದೆ, ಏಕೆಂದರೆ ದ್ರವ ಬಿಸಿಗೆ ಹಿಗ್ಗುತ್ತದೆ. ಆಮೇಲೆ ಒತ್ತಡ ಓಡುತ್ತದೆ: 40 ಡಿಗ್ರಿಯಲ್ಲಿ 110 ಬಾರ್‌ ಆಸುಪಾಸು, 50ರಲ್ಲಿ 140ರ ಹತ್ತಿರ. ಈಗ ಅದೇ ಬಾಟಲಿಗೆ ‘ಇನ್ನೊಂದು ಫ್ಲಿಪ್ ಸಿಗಲಿ’ ಎಂದು 800 ಗ್ರಾಂ ತುಂಬಿ. 50 ಡಿಗ್ರಿಯಲ್ಲಿ ಒತ್ತಡ 200 ಬಾರ್ ದಾಟುತ್ತದೆ. 1800ರ ಬಾಟಲಿಯ ಪರೀಕ್ಷಾ ಒತ್ತಡ ಎಷ್ಟೆಂದು ಮೇಲೆ ಬರೆದುಕೊಂಡಿದ್ದೀರಲ್ಲ, 207.

ತಣ್ಣಗೆ ಮಾಡಿದ ಬಾಟಲಿಗೆ ಗ್ಯಾಸ್ ಸಲೀಸಾಗಿ ಇಳಿಯುತ್ತದೆ, ಹಾಗಾಗಿ ಎಲ್ಲರೂ ತಣ್ಣಗೆ ಮಾಡಿಯೇ ತುಂಬುತ್ತಾರೆ. ಮಿತಿ ಮೀರುವುದೂ ಅದೇ ಕಾರಣಕ್ಕೆ. ಸ್ನೇಹಿತನೊಬ್ಬ ಹಾಗೆ ತುಂಬಿದ ಬಾಟಲಿಯನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಬಿಟ್ಟು ಹೋಗಿದ್ದ. ಡಿಸ್ಕ್ ಒಡೆಯಿತು. ಬಾಗಿಲು ತೆಗೆದಾಗ ಸೀಟಿನ ಮೇಲೆಲ್ಲ ಬಿಳಿ ಹಿಮದ ಪುಡಿ, ಗಾಜುಗಳ ಒಳಮೈ ಮಂಜುಗಟ್ಟಿತ್ತು, ಬಾಟಲಿ ಮಾತ್ರ ಇಡಿಯಾಗಿತ್ತು. ಡಿಸ್ಕ್ ತನ್ನ ಕೆಲಸ ಮಾಡಿತ್ತು. ಒಳಗೆ ಯಾರಾದರೂ ಕೂತಿದ್ದರೆ ಎನ್ನುವುದು ಬೇರೆ ಮಾತು: 1 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಬಂದರೆ ಸುಮಾರು 540 ಲೀಟರ್ ಗ್ಯಾಸ್, ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ, ಉಸಿರು ಕಟ್ಟಿಸುತ್ತದೆ.

ಹಂತ 4: ಬರ್ಸ್ಟ್ ಡಿಸ್ಕ್

ಬಾಟಲಿಯ ವಾಲ್ವಿನ ಪಕ್ಕದಲ್ಲಿ ಒಂದು ಪುಟ್ಟ ಪ್ಲಗ್ ಇರುತ್ತದೆ. ಅದರೊಳಗೆ ತೆಳು ಲೋಹದ ಬಿಲ್ಲೆ, ಅದನ್ನು ಸೀಲ್ ಮಾಡುವ ಗ್ಯಾಸ್ಕೆಟ್. ಗೊತ್ತಾದ ಒತ್ತಡಕ್ಕೆ ಬಿಲ್ಲೆ ಹರಿದು ಬಾಟಲಿ ಪೂರ್ತಿ ಖಾಲಿಯಾಗುತ್ತದೆ. ಸ್ಪ್ರಿಂಗ್ ಇಲ್ಲ, ಅಂಟಿಕೊಳ್ಳುವ ಭಾಗವಿಲ್ಲ, ಮತ್ತೆ ಮುಚ್ಚಿಕೊಳ್ಳುವುದೂ ಇಲ್ಲ. ಬಾಟಲಿಯಂಥ ಕೊನೆಯ ಕೋಟೆಗೆ ಇಂಥ ಮೊದ್ದು ಕಾವಲುಗಾರನೇ ಬೇಕು.

ಆಯ್ಕೆಯ ನಿಯಮ ಸರಳ. ಡಿಸ್ಕ್‌ನ ಅಂಕಿ ಬಾಟಲಿಯ ಪರೀಕ್ಷಾ ಒತ್ತಡವನ್ನು ಮೀರಬಾರದು. 1800ರ ಬಾಟಲಿಗೆ 3000ದೊಳಗೆ, 3000ದ್ದಕ್ಕೆ 5000ದೊಳಗೆ, 4500ರದ್ದಕ್ಕೆ 7500ರೊಳಗೆ. ಪೇಂಟ್‌ಬಾಲ್ ಗಾಳಿ ಬಾಟಲಿಗಳ ರೆಗ್ಯುಲೇಟರ್‌ನಲ್ಲಿ ಎರಡು ಡಿಸ್ಕ್ ಇರುತ್ತವೆ, ಒಂದು ಬಾಟಲಿಯ ಕಡೆಗೆ, ಇನ್ನೊಂದು ಹೊರಹರಿವಿನ ಕಡೆಗೆ. ಹೊರಹರಿವಿನದ್ದು ಸಾಮಾನ್ಯವಾಗಿ 1800ರದ್ದು. ಎರಡೂ ಪ್ಲಗ್ ಒಂದೇ ಥರ ಕಾಣುವುದರಿಂದ ಅದಲುಬದಲು ಮಾಡುವುದು ಬಹಳ ಸುಲಭ. ಒಮ್ಮೆಗೆ ಒಂದನ್ನೇ ಬಿಚ್ಚಿ.

ಜೋಡಿಸುವಾಗ:

ಬಾಟಲಿ ಪೂರ್ತಿ ಖಾಲಿಯಾಗಿದೆ ಎಂದು ಖಚಿತಪಡಿಸಿಕೊಳ್ಳಿ. ಹಳೆಯ ಪ್ಲಗ್, ಗ್ಯಾಸ್ಕೆಟ್, ಬಿಲ್ಲೆ ಮೂರನ್ನೂ ಎಸೆಯಿರಿ. ಬಿಲ್ಲೆ, ಗ್ಯಾಸ್ಕೆಟ್ ಮೊದಲೇ ಕೂರಿಸಿ ಒಂದೇ ತುಂಡಾಗಿ ಬರುವ ಪ್ಲಗ್ ಸಿಕ್ಕರೆ ಅದನ್ನೇ ಕೊಳ್ಳಿ, ಬಿಡಿ ಬಿಲ್ಲೆಗಳ ಸಹವಾಸ ಬೇಡ. ಪ್ಲಗ್ಗಿನ ಬದಿಗಳಲ್ಲಿ ಎದುರುಬದುರಾಗಿ ರಂಧ್ರಗಳಿರಬೇಕು. ತುದಿಯಲ್ಲಿ ಒಂದೇ ರಂಧ್ರವಿರುವ ಹಳೆಯ ಬಗೆ ಒಡೆದಾಗ ಬಾಟಲಿಯನ್ನೇ ರಾಕೆಟ್ಟಿನಂತೆ ತಳ್ಳುತ್ತದೆ. ಬದಿ ರಂಧ್ರಗಳಿದ್ದರೆ ತಳ್ಳುವಿಕೆ ಒಂದಕ್ಕೊಂದು ವಜಾ ಆಗುತ್ತದೆ. ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಿರಿ. ಕೈಬಲ ತೋರಿಸಿದರೆ ಬಿಲ್ಲೆಯ ಅಂಚು ತೆಳುವಾಗಿ ಮೊದಲೇ ಹರಿಯುತ್ತದೆ.

ಒಂದರ ಮೇಲೊಂದು ಎರಡು ಬಿಲ್ಲೆ ಹಾಕುವ ಚಟ ಕೆಲವರಿಗಿದೆ, ‘ಪದೇ ಪದೇ ಒಡೆಯುತ್ತೆ’ ಎಂಬ ನೆಪದಿಂದ. ಹಾಗೆ ಮಾಡಿದ ಬಾಟಲಿಗೆ ರಕ್ಷಣೆಯೇ ಇಲ್ಲ ಎಂದು ತಿಳಿಯಿರಿ. ಪದೇ ಪದೇ ಒಡೆಯುತ್ತಿದ್ದರೆ ತಪ್ಪು ತುಂಬುವ ಕೈಯಲ್ಲಿದೆ.

ಬಿಲ್ಲೆಗೆ ಆಯಸ್ಸೂ ಇದೆ. ಎರಡು ಋತು ಬಳಸಿದ ಒಂದನ್ನು ಬಿಚ್ಚಿ ಅಂಗೈ ಮೇಲಿಟ್ಟು ನೋಡಿದ್ದೆ. ಹೊಸದರಲ್ಲಿ ಚಪ್ಪಟೆಯಾಗಿದ್ದ ತಗಡು ಹೊರಮುಖಕ್ಕೆ ಸುಟ್ಟ ಬೊಬ್ಬೆಯಂತೆ ಉಬ್ಬಿತ್ತು, ಅಂಚಿನ ಸುತ್ತ ಉಗುರಿಗೆ ತಾಗುವಷ್ಟು ಗೆರೆ ಬಿದ್ದಿತ್ತು. ಅಷ್ಟು ದಿನವೂ ಅದು ಒಂದು ಹನಿ ಸೋರಿರಲಿಲ್ಲ. ಪ್ರತಿ ಸಲ ತುಂಬಿ ಖಾಲಿ ಮಾಡಿದಾಗಲೂ ಲೋಹ ಸ್ವಲ್ಪ ದಣಿಯುತ್ತದೆ. ದಣಿದ ಬಿಲ್ಲೆ ಬೇಗ ಹರಿಯುತ್ತದೆ, ಅದು ಅಪಾಯಕ್ಕಿಂತ ಹೆಚ್ಚಾಗಿ ಕಿರಿಕಿರಿ. ಆದರೂ ಪಂದ್ಯದ ನಡುವೆ ಅಖಾಡದಲ್ಲಿ ಮಂಜು ಹರಡಿ ನಿಲ್ಲುವುದಕ್ಕಿಂತ ಋತುವಿಗೊಮ್ಮೆ ಬದಲಿಸುವುದು ಮೇಲು.

ವಾಲ್ವ್ ಬಾಟಲಿಗೆ ಕೂತಿರುವ ಜಾಗವನ್ನೂ ಇದೇ ಹೊತ್ತಿಗೆ ನೋಡಿ. ಬಾಟಲಿಯನ್ನು ತಿರುಗಿಸಿ ಬಿಚ್ಚುವಾಗ ರೆಗ್ಯುಲೇಟರ್‌ನಿಂದ ಬಿಚ್ಚಿಕೊಳ್ಳುವ ಬದಲು ವಾಲ್ವೇ ಬಾಟಲಿಯಿಂದ ಬಿಚ್ಚಿಕೊಂಡು, ಬಾಟಲಿ ಹಾರಿ ಜನ ಸತ್ತ ಪ್ರಕರಣಗಳು ಪೇಂಟ್‌ಬಾಲ್‌ನಲ್ಲಿ ಆಗಿವೆ. ವಾಲ್ವಿನಿಂದ ಬಾಟಲಿಯ ಭುಜದವರೆಗೆ ಉಗುರುಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಗೆರೆ ಕೂದಲೆಳೆಯಷ್ಟು ಮುರಿದು ಕಂಡರೂ ತಿರುಗಿಸುವುದನ್ನು ಅಲ್ಲೇ ನಿಲ್ಲಿಸಿ.

ಹಂತ 5: ರೆಗ್ಯುಲೇಟರ್ ನಂತರದ ರಿಲೀಫ್ ವಾಲ್ವ್

ನಿಜವಾದ ತಪ್ಪುಗಳು ಆಗುವುದು ಇಲ್ಲಿ. ರೆಗ್ಯುಲೇಟರ್ ನಂತರದ ಸಾಲಿನಲ್ಲಿ 10 ಬಾರ್‌ನ ಕೊಳವೆ, 10 ಬಾರ್‌ನ ಸೊಲೆನಾಯ್ಡ್ ಇರಬಹುದು. ಬಾಟಲಿಯ ಕಡೆ 57 ಅಥವಾ 200. ನಡುವೆ ಇರುವುದು ರೆಗ್ಯುಲೇಟರ್‌ನ ಒಂದು ಪುಟ್ಟ ಸೀಟ್. ಅಲ್ಲಿ ಟೆಫ್ಲಾನ್ ಟೇಪಿನ ಒಂದು ಎಳೆ ಸಿಕ್ಕಿಕೊಂಡರೆ ಸಾಕು, ಅದು ಮುಚ್ಚಿಕೊಳ್ಳುವುದಿಲ್ಲ.

ಒತ್ತಡ ಎಷ್ಟಕ್ಕೆ ಇಡಬೇಕು? ರೋಬೋಟ್ ಕಾಳಗದ ಸಂಘಟನೆಯಾದ ರೋಬೋಟ್ ಫೈಟಿಂಗ್ ಲೀಗ್‌ನ ನಿಯಮಗಳಲ್ಲಿದ್ದದ್ದು, ನಂತರ ಇದೇ ಕಾಳಗಗಳಿಗಾಗಿ ಬಂದ ಸ್ಪಾರ್ಕ್ ನಿಯಮಾವಳಿಯಲ್ಲೂ ಮುಂದುವರಿದದ್ದು ಹೀಗೆ: ರೆಗ್ಯುಲೇಟರ್ ಅಥವಾ ಕಂಪ್ರೆಸರ್ ಇದ್ದರೆ ಅದರ ಮುಂದಿನ ಭಾಗಕ್ಕೆ ಬೇರೆಯದೇ ರಿಲೀಫ್ ಬೇಕು, ಆ ಭಾಗದಲ್ಲಿ ಅತಿ ದುರ್ಬಲವಾದ ವಸ್ತುವಿನ ಮಿತಿಯ ಶೇ. 130ಕ್ಕಿಂತ ಮೇಲೆ ಅದನ್ನು ಇಡುವಂತಿಲ್ಲ. 10 ಬಾರ್ ವಸ್ತುಗಳಿದ್ದರೆ 13 ಬಾರ್ ಗರಿಷ್ಠ. ನಾನು ಅಲ್ಲಿಯವರೆಗೆ ಹೋಗುವುದಿಲ್ಲ. 8 ಬಾರ್‌ಗೆ ರೆಗ್ಯುಲೇಟರ್, 10ಕ್ಕೆ ರಿಲೀಫ್. ಎರಡರ ನಡುವೆ ಒಂದಿಷ್ಟು ಅಂತರ ಬೇಕು, ಇಲ್ಲದಿದ್ದರೆ ರಿಲೀಫ್ ಸದಾ ಪಿಸುಗುಟ್ಟುತ್ತ ಗ್ಯಾಸ್ ತಿನ್ನುತ್ತದೆ, ಕೊನೆಗೆ ಬೇಸತ್ತು ಯಾರೋ ಅದರ ಸ್ಕ್ರೂ ತಿರುಗಿಸುತ್ತಾರೆ. ನಿಮ್ಮ ಪಂದ್ಯದ ಆಯೋಜಕರ ನಿಯಮ ಇನ್ನೂ ಬಿಗಿಯಾಗಿದ್ದರೆ ಅದೇ ಅಂತಿಮ.

ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ಸರಿಯಾದ ಒತ್ತಡಕ್ಕೆ ತೆರೆಯುವುದು ಅರ್ಧ ಕೆಲಸ ಅಷ್ಟೇ. ತೆರೆದ ಮೇಲೆ ಬರುವಷ್ಟೂ ಗ್ಯಾಸನ್ನು ಅದು ಹೊರಗೆ ಬಿಡಬಲ್ಲದೇ?

ಲೆಕ್ಕ ಕಷ್ಟದ್ದಲ್ಲ. ಇಷ್ಟು ದೊಡ್ಡ ಒತ್ತಡದ ವ್ಯತ್ಯಾಸದಲ್ಲಿ ರಂಧ್ರದ ಮೂಲಕ ಹೋಗುವ ಗ್ಯಾಸ್ ಶಬ್ದದ ವೇಗಕ್ಕೆ ಸಿಕ್ಕಿಕೊಳ್ಳುತ್ತದೆ. ಆಗ ಹರಿವು ರಂಧ್ರದ ಹಿಂದಿನ ಒತ್ತಡ ಮತ್ತು ರಂಧ್ರದ ವಿಸ್ತೀರ್ಣ ಇವೆರಡರ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ರೆಗ್ಯುಲೇಟರ್ ಪೂರ್ತಿ ತೆರೆದು ಅಂಟಿಕೊಂಡಿದೆ ಎಂದುಕೊಳ್ಳಿ. ಒಳಬರುವುದು ದೊಡ್ಡ ಒತ್ತಡದಿಂದ, ಹೊರಹೋಗಬೇಕಾದ್ದು ಸಣ್ಣ ಒತ್ತಡದಿಂದ. ಹಾಗಾಗಿ ಹೊರಬಾಗಿಲು ಅಷ್ಟು ಪಟ್ಟು ಅಗಲವಾಗಿರಬೇಕು.

ಉದಾಹರಣೆಗೆ ರೆಗ್ಯುಲೇಟರ್‌ನ ರಂಧ್ರ 3 ಮಿ.ಮೀ. ಎಂದರೆ ವಿಸ್ತೀರ್ಣ ಸುಮಾರು 7 ಚದರ ಮಿ.ಮೀ. ಬಾಟಲಿಯ ಕಡೆ ಕಾರ್ಬನ್ ಡೈಆಕ್ಸೈಡ್ 58 ಬಾರ್, ರಿಲೀಫ್ 20 ಬಾರ್‌ಗೆ ಇಟ್ಟಿದ್ದರೆ 58ನ್ನು 20ರಿಂದ ಭಾಗಿಸಿ: 2.9. ರಿಲೀಫ್‌ನ ರಂಧ್ರ ಕನಿಷ್ಠ 20 ಚದರ ಮಿ.ಮೀ., ಅಂದರೆ 5 ಮಿ.ಮೀ.ಗಿಂತ ತುಸು ಹೆಚ್ಚು ವ್ಯಾಸ. ಅದೇ ರೆಗ್ಯುಲೇಟರ್‌ಗೆ 200 ಬಾರ್ ನೈಟ್ರೋಜನ್ ಕಟ್ಟಿದರೆ ಹತ್ತು ಪಟ್ಟು ಬೇಕು, 9.5 ಮಿ.ಮೀ. ವ್ಯಾಸ. ಇದು ಆದರ್ಶ ರಂಧ್ರದ ಲೆಕ್ಕ. ನಿಜವಾದ ವಾಲ್ವಿನೊಳಗೆ ಸ್ಪ್ರಿಂಗ್, ತಿರುವುಗಳೆಲ್ಲ ಇರುವುದರಿಂದ ಇನ್ನಷ್ಟು ಉದಾರವಾಗಿರಿ. ತಯಾರಕರು ಹರಿವಿನ ಅಂಕಿ ಕೊಟ್ಟಿದ್ದರೆ ಅದನ್ನೇ ನಂಬಿ.

ಈಗ ಹೋಗಿ ನಿಮ್ಮ ರಿಲೀಫ್ ವಾಲ್ವಿನ ರಂಧ್ರ ಅಳೆಯಿರಿ. ಕಂಪ್ರೆಸರ್‌ಗಳಿಗೆ ಬರುವ, ಉಂಗುರ ಎಳೆಯುವ ಪುಟ್ಟ ಹಿತ್ತಾಳೆ ವಾಲ್ವ್ ಅದಾಗಿದ್ದರೆ ಅಷ್ಟು ಅಗಲ ಸಿಗುವುದು ಕಷ್ಟ. ಆಗ ಎರಡು ದಾರಿ: ದೊಡ್ಡ ವಾಲ್ವ್ ಹಾಕಿ, ಇಲ್ಲವೇ ರೆಗ್ಯುಲೇಟರ್‌ನ ಹಿಂದೆ ಸಣ್ಣ ರಂಧ್ರದ ತಡೆ ಹಾಕಿ ಒಳಹರಿವನ್ನೇ ಕಡಿಮೆ ಮಾಡಿ. ಎರಡನೆಯದಕ್ಕೆ ಬಫರ್ ಟ್ಯಾಂಕ್ ಬೇಕು, ಇಲ್ಲದಿದ್ದರೆ ಫ್ಲಿಪ್ ಸೋಮಾರಿಯಾಗುತ್ತದೆ. ಆದರೂ ನನಗೆ ಅದೇ ಇಷ್ಟ.

ರೋಬೋಟ್ ತಲೆಕೆಳಗಾದರೆ ಬಾಟಲಿಯಿಂದ ಆವಿಯ ಬದಲು ದ್ರವ ಬರುತ್ತದೆ, ಅದೇ ರಂಧ್ರದಲ್ಲಿ ಎಷ್ಟೋ ಪಟ್ಟು ಹೆಚ್ಚು ಸರಕು ಹಾದುಹೋಗುತ್ತದೆ ಎಂಬುದೂ ನೆನಪಿರಲಿ. ಕಾಳಗದಲ್ಲಿ ತಲೆಕೆಳಗಾಗುವುದು ಅಪರೂಪದ ಘಟನೆಯೇನಲ್ಲ.

ಸ್ಪ್ರಿಂಗ್ ವಾಲ್ವನ್ನು ಹೊಂದಿಸಿದ ಮೇಲೆ ಲಾಕ್‌ನಟ್ ಬಿಗಿದು, ತಂತಿ ಕಟ್ಟಿ, ಒತ್ತಡದ ಅಂಕಿ ಮತ್ತು ತಾರೀಖಿನ ಚೀಟಿ ಅಂಟಿಸಿ. ಸ್ಪ್ರಿಂಗಿನ ಅಕ್ಷ ದೊಡ್ಡ ಹೊಡೆತಗಳು ಬರುವ ದಿಕ್ಕಿಗೆ ಅಡ್ಡವಾಗಿರಲಿ. ಇಲ್ಲದಿದ್ದರೆ ಪ್ರತಿ ಏಟಿಗೂ ಅದು ಸ್ವಲ್ಪ ಬಾಯಿ ಬಿಡುತ್ತದೆ.

ಹಂತ 6: ಸಿಕ್ಕಿಬಿದ್ದ ದ್ರವ

ಚಿಕ್ಕದಾದರೂ ಇದನ್ನು ಪ್ರತ್ಯೇಕವಾಗಿ ಹೇಳಬೇಕು. ಬಾಟಲಿಯ ವಾಲ್ವ್ ಮುಚ್ಚಿದೆ, ಮುಂದಿನ ವಾಲ್ವೂ ಮುಚ್ಚಿದೆ, ನಡುವಿನ ಕೊಳವೆಯಲ್ಲಿ ತಣ್ಣಗಿನ ದ್ರವ ಕಾರ್ಬನ್ ಡೈಆಕ್ಸೈಡ್ ಉಳಿದಿದೆ. ರೋಬೋಟ್ ಮೇಜಿನ ಮೇಲೆ ಬೆಚ್ಚಗಾಗುತ್ತದೆ. ದ್ರವಕ್ಕೆ ಹಿಗ್ಗಲು ಜಾಗವಿಲ್ಲ. ಗೇಣುದ್ದದ ಕೊಳವೆ, ಯಾರೂ ಮುಟ್ಟದಿದ್ದರೂ ತಾನಾಗಿ ಸೀಳಬಲ್ಲದು. ಹೀಗಾಗಿ ದ್ರವ ಬರಬಹುದಾದ, ಎರಡೂ ತುದಿ ಮುಚ್ಚಬಹುದಾದ ಪ್ರತಿ ತುಂಡಿಗೂ ಪುಟ್ಟದೊಂದು ರಿಲೀಫ್ ಬೇಕೇ ಬೇಕು. ಇಲ್ಲಿ ಹರಿವು ದೊಡ್ಡದಿರಬೇಕಿಲ್ಲ, ಇದ್ದರೆ ಸಾಕು. ಬಾಲ್ ವಾಲ್ವಿನ ಚೆಂಡಿನ ಒಳಗೂ ಹೀಗೇ ದ್ರವ ಸಿಕ್ಕಿಕೊಳ್ಳುತ್ತದೆ. ಮುಚ್ಚಿದಾಗ ಚೆಂಡಿನ ಒಳಭಾಗ ಬಾಟಲಿಯ ಕಡೆಗೆ ತೆರೆದಿರುವಂತೆ ಪುಟ್ಟ ರಂಧ್ರವಿರುವ ಬಗೆಯನ್ನೇ ಹಾಕಿ.

ಹಂತ 7: ಬಂದ್ ವಾಲ್ವ್ ಮತ್ತು ಡಂಪ್ ವಾಲ್ವ್

ಬಾಟಲಿಯನ್ನು ಉಳಿದ ವ್ಯವಸ್ಥೆಯಿಂದ ಬೇರ್ಪಡಿಸುವ ಕೈವಾಲ್ವ್ ಒಂದು, ಅದರ ಮುಂದಿನದೆಲ್ಲವನ್ನೂ ಖಾಲಿ ಮಾಡುವ ಡಂಪ್ ವಾಲ್ವ್ ಇನ್ನೊಂದು. ಎರಡೂ ರೋಬೋಟ್‌ನ ಹೊರಗಿನಿಂದ ಕೈಗೆ ಸಿಗಬೇಕು, ಅದೂ ಆಯುಧದ ಓಡಾಟದ ದಾರಿಯಲ್ಲಿ ಕೈ ಇಡದೆ. ಹಂತ 1ರಲ್ಲಿ ಹೇಳಿದ ನಾನ್ ರಿಟರ್ನ್ ವಾಲ್ವಿನ ಆಚೆ ಬಫರ್ ಇದ್ದರೆ ಅದಕ್ಕೆ ತನ್ನದೇ ಡಂಪ್ ಬೇಕು.

ಡಂಪ್ ಮಾಡಿದ ಮೇಲೆ ವಾಲ್ವನ್ನು ತೆರೆದೇ ಬಿಡಿ. ರೋಬೋಟ್ ಅಖಾಡದ ಹೊರಗಿರುವಷ್ಟು ಹೊತ್ತೂ ತೆರೆದಿರಬೇಕೆಂಬುದು ನಿಯಮ. ಅದರ ಹಿಂದೆ ಸರಿಯಾದ ಕಾರಣವೂ ಇದೆ: ಕಾರ್ಬನ್ ಡೈಆಕ್ಸೈಡ್ 5.2 ಬಾರ್‌ಗಿಂತ ಕೆಳಗೆ ದ್ರವವಾಗಿ ಇರಲಾರದು. ರಭಸದಿಂದ ಖಾಲಿ ಮಾಡಿದಾಗ ಒಳಗೆ ಒಂದಿಷ್ಟು ಒಣಹಿಮವಾಗಿ ಗಟ್ಟಿಯಾಗಿಬಿಡುತ್ತದೆ. ಗೇಜ್ ಸೊನ್ನೆ ತೋರಿಸುತ್ತದೆ, ನೀವು ವಾಲ್ವ್ ಮುಚ್ಚುತ್ತೀರಿ, ಹಿಮ ಮೆಲ್ಲಗೆ ಆವಿಯಾಗಿ ಹತ್ತು ನಿಮಿಷದಲ್ಲಿ ಒತ್ತಡ ವಾಪಸ್ ಬಂದು ಕೂರುತ್ತದೆ.

ಹಂತ 8: ಹೊರಬಂದ ಗ್ಯಾಸ್ ಎಲ್ಲಿಗೆ?

ರಿಲೀಫ್‌ನ ಬಾಯಿ ರೋಬೋಟ್‌ನ ಹೊರಗೆ, ಯಾರೂ ಬಗ್ಗಿ ನೋಡದ ಕಡೆಗೆ ಇರಲಿ. ನೀವು ಡಂಪ್ ವಾಲ್ವ್ ತಿರುಗಿಸಲು ಮುಖ ತರುವ ಜಾಗಕ್ಕೆ ಅದು ಗುರಿ ಇಟ್ಟಿದ್ದರೆ ಜಾಗ ಬದಲಿಸಿ. ಅದಕ್ಕೆ ಉದ್ದ ಕೊಳವೆ ಸಿಕ್ಕಿಸಬೇಡಿ: ಕಾರ್ಬನ್ ಡೈಆಕ್ಸೈಡ್ ಹೊರಬರುವಾಗ ಹಿಮವಾಗುತ್ತದೆ, ತೆಳು ಕೊಳವೆಯ ತಿರುವಿನಲ್ಲಿ ಗಟ್ಟಿಯಾಗಿ ಕೂತು ನಿಮ್ಮ ಏಕೈಕ ಬಾಗಿಲನ್ನು ಮುಚ್ಚುತ್ತದೆ. ಗಿಡ್ಡ, ಅಗಲ, ನೇರ.

ರೋಬೋಟ್‌ನ ಒಡಲಿಗೂ ಗಾಳಿ ಕಿಂಡಿ ಬೇಕು. ಸುತ್ತ ಮುಚ್ಚಿದ 40 ಲೀಟರ್ ಪೆಟ್ಟಿಗೆಯೊಳಗೆ ಡಿಸ್ಕ್ ಒಡೆದು 500 ಲೀಟರ್ ಗ್ಯಾಸ್ ಬಂದರೆ ಪೆಟ್ಟಿಗೆಯೇ ಪಾತ್ರೆಯಾಗುತ್ತದೆ, ಮುಚ್ಚಳ ಹಾರುತ್ತದೆ.

ಬಾಟಲಿಯನ್ನು ರಬ್ಬರ್ ಒಳಪದರದ ಎರಡು ಪಟ್ಟಿಗಳಿಂದ ಮೈಯಲ್ಲಿ ಹಿಡಿಯಿರಿ. ಕತ್ತಿನಲ್ಲಿ, ವಾಲ್ವಿನಲ್ಲಿ ಅಲ್ಲ. ಡಿಸ್ಕ್ ಪ್ಲಗ್ ಕವಚಕ್ಕೆ ತಾಗದಷ್ಟು ಜಾಗ ಬಿಡಿ, ಕವಚ ಒಳಕ್ಕೆ ಬಾಗಿದಾಗಲೂ ತಾಗಬಾರದು.

ಜೋಡಣೆಗಳು ಸೋರದಂತೆ ತಡೆಯುವ ರಬ್ಬರ್ ಬಳೆ, ಓ ರಿಂಗ್ ವಿಷಯ: ಕಾರ್ಬನ್ ಡೈಆಕ್ಸೈಡ್ ಸಾಲಿನಲ್ಲಿ ಸಾಮಾನ್ಯ ನೈಟ್ರೈಲ್ ರಬ್ಬರ್ ಗ್ಯಾಸನ್ನು ಹೀರಿಕೊಂಡು, ಒತ್ತಡ ಇಳಿದಾಗ ಒಳಗಿನಿಂದ ಗುಳ್ಳೆಯೆದ್ದು ಸೀಳುತ್ತದೆ. ಪಾಲಿಯುರೆಥೇನ್ ಹಾಕಿ.

ಹಂತ 9: ಮೊದಲು ನೀರಿನಲ್ಲಿ, ಆಮೇಲೆ ಗ್ಯಾಸಿನಲ್ಲಿ

ನೀವು ಕಟ್ಟಿದ ಕೊಳವೆ, ಫಿಟಿಂಗ್, ಬಫರ್ ಭಾಗವನ್ನು ಬಾಟಲಿಯಿಂದ ಬೇರ್ಪಡಿಸಿ, ನೀರು ತುಂಬಿ, ಗಾಳಿಯನ್ನೆಲ್ಲ ಹೊರಹಾಕಿ, ಕೈಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ. ಯಾವ ವಸ್ತುವಿನ ಪರೀಕ್ಷಾ ಮಿತಿಯೂ ಮೀರದಂತೆ ನೋಡಿಕೊಳ್ಳಿ. ನೀರು ಹೆಚ್ಚೇನೂ ಕುಗ್ಗುವುದಿಲ್ಲ, ಹಾಗಾಗಿ ಶಕ್ತಿ ಕೂಡಿಡುವುದಿಲ್ಲ. ಫಿಟಿಂಗ್ ಸೋತರೆ ಒಂದು ಹನಿ ಚಿಮ್ಮಿ ಗೇಜ್ ಬೀಳುತ್ತದೆ, ಅಷ್ಟೇ. ಈ ಪರೀಕ್ಷೆಗೆ ರಿಲೀಫ್ ಜಾಗದಲ್ಲಿ ತಾತ್ಕಾಲಿಕ ಪ್ಲಗ್ ಹಾಕಬೇಕಾಗುತ್ತದೆ. ಆ ಪ್ಲಗ್‌ಗೆ ಅಂಗೈ ಅಗಲದ ಕೆಂಪು ಬಟ್ಟೆ ಕಟ್ಟಿ. ಅದನ್ನು ತೆಗೆಯದೆ ಮುಚ್ಚಳ ಹಾಕಲು ಸಾಧ್ಯವೇ ಆಗಬಾರದು.

ನಂತರ ರಿಲೀಫ್ ಹಾಕಿ ಅದನ್ನೂ ಕೈಪಂಪಿನಲ್ಲೇ ಪರೀಕ್ಷಿಸಿ, ಯಾವ ಅಂಕಿಗೆ ಬಾಯಿ ಬಿಟ್ಟಿತು ಎಂದು ಮೂರು ಸಲ ಬರೆದುಕೊಳ್ಳಿ. ಮೂರೂ ಹತ್ತಿರ ಇಲ್ಲದಿದ್ದರೆ ಆ ವಾಲ್ವ್ ಬೇಡ. ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಪೂರ್ತಿ ಒಣಗಿಸಿ, ಒಳಗೆ ಉಳಿದ ನೀರು ಮೊದಲ ಫ್ಲಿಪ್ಪಿಗೇ ಮಂಜುಗಡ್ಡೆಯಾಗಿ ರೆಗ್ಯುಲೇಟರ್ ಸೀಟಿನಲ್ಲಿ ಕೂರುತ್ತದೆ.

ಗ್ಯಾಸ್ ಹಾಕಿದ ಮೊದಲ ಸಲ ರ‍್ಯಾಮ್‌ಗೆ ಲಾಕಿಂಗ್ ಬಾರ್ (ಅದು ಹೊಡೆಯದಂತೆ ಹಿಡಿದಿಡುವ ಸರಳು) ಹಾಕಿ, ಗಟ್ಟಿ ಮರೆಯ ಹಿಂದೆ ನಿಂತು ಮುಖ್ಯ ವಾಲ್ವನ್ನು ಮೆಲ್ಲಗೆ ತೆರೆಯಿರಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ. ಬೇಕಾದ ಒತ್ತಡ ಬಂದ ಮೇಲೆ ಹತ್ತು ನಿಮಿಷ ಏನೂ ಮಾಡದೆ ಗೇಜ್ ನೋಡುತ್ತ ಕೂತುಕೊಳ್ಳಿ. ಮುಳ್ಳು ಇಳಿದರೆ ಸೋರಿಕೆ, ಸಾಬೂನು ನೀರು ಹಚ್ಚಿ ಹುಡುಕಿ. ಮುಳ್ಳು ತೆವಳುತ್ತ ಮೇಲೇರಿದರೆ ರೆಗ್ಯುಲೇಟರ್ ಸೀಟ್ ಕೆಟ್ಟಿದೆ, ಅವತ್ತಿನ ಕೆಲಸ ಮುಗಿಯಿತು.

ಹಂತ 10: ಪಂದ್ಯದ ದಿನ

ತುಂಬುವಾಗ ತಕ್ಕಡಿ ಕಡ್ಡಾಯ. ಖಾಲಿ ಬಾಟಲಿಯ ತೂಕ, ತುಂಬಿದ ಮೇಲಿನ ಗರಿಷ್ಠ ತೂಕ ಎರಡನ್ನೂ ಬಾಟಲಿಯ ಮೇಲೆಯೇ ಬರೆದಿಡಿ. ಆ ಗಡಿಬಿಡಿಯಲ್ಲಿ ಯಾರೂ ಕೂಡಿ ಕಳೆಯುವುದಿಲ್ಲ. ಹೆಚ್ಚಾಗಿದ್ದರೆ ಕೂಡಲೇ ಹೊರಬಿಡಿ, ‘ಹೇಗೂ ಹತ್ತು ನಿಮಿಷದಲ್ಲಿ ಪಂದ್ಯ’ ಎನ್ನಬೇಡಿ. ಪಂದ್ಯಗಳು ತಡವಾಗುತ್ತವೆ.

ಪಂದ್ಯ ಮುಗಿದ ಮೇಲೆ ಲಾಕಿಂಗ್ ಬಾರ್ ಮೊದಲು. ಆಮೇಲೆ ಮುಖ್ಯ ವಾಲ್ವ್ ಬಂದ್, ಡಂಪ್ ಓಪನ್, ಗೇಜ್ ಸೊನ್ನೆ, ನಂತರ ವಿದ್ಯುತ್ ಸಂಪರ್ಕ ತೆಗೆಯುವುದು. ಒಬ್ಬರೇ ಮಾಡಬೇಕು, ಇನ್ನೊಬ್ಬರು ನೋಡಬೇಕು. ಇಬ್ಬರೂ ಮಾಡಲು ಹೋದಾಗಲೇ ಒಂದು ಹೆಜ್ಜೆ ಬಿಟ್ಟುಹೋಗುವುದು.

ದೊಡ್ಡ ಏಟು ತಿಂದ ರೋಬೋಟನ್ನು ಮೇಜಿಗೆ ತಂದಾಗ ಎಲ್ಲರ ಕಣ್ಣು ಮೋಟಾರು, ಕವಚದ ಮೇಲೆ ಹೋಗುತ್ತದೆ. ನೀವು ಮೊದಲು ಉಗುರುಬಣ್ಣದ ಗೆರೆ ನೋಡಿ. ಆಮೇಲೆ ಬಾಟಲಿಯ ಮೈಮೇಲೆ ಉಗುರು ಎಳೆಯಿರಿ. ಗೀರಿನಲ್ಲಿ ಉಗುರು ಸಿಕ್ಕಿಕೊಂಡರೆ, ತಗ್ಗು ಬಿದ್ದಿದ್ದರೆ, ಬಾಟಲಿಯನ್ನು ಖಾಲಿ ಮಾಡಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಬಳಸಬೇಡಿ’ ಎಂದು ಬರೆದು ಪೆಟ್ಟಿಗೆಯ ತಳಕ್ಕೆ ಹಾಕಿ. ಇನ್ನೊಂದು ಪಂದ್ಯಕ್ಕೆ ಸಾಕು ಎಂದು ಹೇಳುವವರು ತಂಡದಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಕೈಗೆ ಸಿಗದ ಕಡೆ ಹಾಕಿ.